ಅತ್ತಿ ಮರಕ್ಕೆ ಹನ್ನೆರಡು ಸಹಿ

ಕಳೆದ ಮಂಗಳವಾರ ಬೆಳಿಗ್ಗೆ ಮರ ಕಡಿಯುವವರನ್ನು ತಡೆಯಲು ಹೋಗಿ ನನ್ನದೇ ಸಹಿಗೆ ಸಿಕ್ಕಿಬಿದ್ದೆ.

ನಾವಿರುವುದು ಪುಣೆಯ ಕೋಥರೂಡಿನಲ್ಲಿ. ನಮ್ಮ ಹೌಸಿಂಗ್ ಸೊಸೈಟಿಯ ಹಿಂದೆ ಒಂದು ಹಳ್ಳ ಹರಿಯುತ್ತದೆ (ಪುಣೆಯವರು ಅದನ್ನು ನಾಲಾ ಎಂದು ಕರೆದು ಮರ್ಯಾದೆ ಕಳೆದಿದ್ದಾರೆ). ದಂಡೆಯ ಮೇಲೆ ಮೂರು ಹೊಂಗೆ, ಒಂದು ದೊಡ್ಡ ಅತ್ತಿ. ಅತ್ತಿಯ ಬೇರುಗಳ ನಡುವೆ ಮಣ್ಣು ಕೊರೆದು ಮಿಂಚುಳ್ಳಿ ಜೋಡಿಯೊಂದು ಮರಿ ಮಾಡಿದೆ. ಈ ಮೇ ತಿಂಗಳಿಡೀ ನನ್ನ ಬೆಳಗಿನ ಚಹಾ ಆ ಮರಿಗಳ ಕೂಗಿನ ಜೊತೆಗೇ.

ಕೊಡಲಿ ಸದ್ದು ಕೇಳಿ ಬನಿಯನ್‌ನಲ್ಲೇ ಓಡಿದೆ. ಒಂದು ಹೊಂಗೆ ಆಗಲೇ ನೆಲಕ್ಕೆ ಬಿದ್ದಿತ್ತು. ಪರ್ಮಿಶನ್ ಎಲ್ಲಿ ಎಂದು ಮರಾಠಿಯಲ್ಲಿ ಗದರಿಸಿದೆ. ಕೊಡಲಿ ಹಿಡಿದಿದ್ದವನು ಯಾದಗಿರಿ ಕಡೆಯ ಶರಣಪ್ಪ. ನನ್ನ ಮರಾಠಿ ಕೇಳಿದ ಕೂಡಲೇ ಕನ್ನಡಕ್ಕೆ ಇಳಿದ!

"ಪಾಲಿಕೆ ಕಾಗದ ಅದರಿ ಸಾಹೇಬ್ರ. ನಿಮ್ಮ ಸೊಸೈಟಿಯವರೇ ಅರ್ಜಿ ಕೊಟ್ಟಾರ. ನೋಡ್ರಿ, ಸಹಿ ಅದಾವ."

ನೋಡಿದೆ. ಹನ್ನೆರಡು ಸಹಿ. ನಾಲ್ಕನೆಯದು ನನ್ನದು.

ನೆನಪಾಯಿತು. ಹಿಂದಿನ ತಿಂಗಳ ಮೀಟಿಂಗಿನಲ್ಲಿ ಸೆಕ್ರೆಟರಿ ಒಂದು ಕಾಗದ ತಿರುಗಿಸಿದ್ದರು. ಮೇಲೆ 'ನಾಲಾ ಸಫಾಯಿ', ಅಂದರೆ ಹಳ್ಳದ ಸ್ವಚ್ಛತೆ, ಎಂದಿತ್ತು. ಕೆಳಗೆ ಇಡೀ ಪುಟ ಸರಕಾರಿ ಮರಾಠಿ. ಧಾರವಾಡ ಬಿಟ್ಟು ಇಪ್ಪತ್ತು ವರ್ಷವಾದರೂ ಆ ಮರಾಠಿಯನ್ನು ನಾನು ಅಕ್ಷರ ಕೂಡಿಸಿಕೊಂಡೇ ಓದಬೇಕು. ಅದನ್ನು ನಾಲ್ಕು ಜನರ ಮುಂದೆ ತೋರಿಸುವುದೇ? ಗಂಭೀರವಾಗಿ ತಲೆಯಾಡಿಸಿ ಸಹಿ ಹಾಕಿದ್ದೆ.

"ಓದಲಾರದೇ ಸಹಿ ಹಾಕೀರೇನ್ರಿ?" ಹಿಂದೆಯೇ ಓಡಿಬಂದು, ಅಂಗಿ ಮತ್ತು ಸ್ಕೂಟರ್ ಕೀಲಿ ಕೈಗೆ ಕೊಡುತ್ತ ಹೆಂಡತಿ ಕೇಳಿದಳು. ಅಂಗಿ ತೊಟ್ಟುಕೊಂಡೆ.

ಅತ್ತಿಯನ್ನು ಕೊನೆಗೆ ಇಟ್ಟುಕೋ ಎಂದು ಶರಣಪ್ಪನಿಗೆ ಕೈಮುಗಿದೆ. ಸೊಂಟಕ್ಕೆ ಪೇಜರ್ ಸಿಕ್ಕಿಸಿಕೊಂಡಿದ್ದ ಗುತ್ತಿಗೆದಾರ ನನ್ನನ್ನು ದುರುಗುಟ್ಟಿ ನೋಡಿದ. ಶರಣಪ್ಪ ದನಿ ತಗ್ಗಿಸಿದ. "ಊಟದ ತನಕ ಮುಟ್ಟಂಗಿಲ್ರಿ. ಆಮ್ಯಾಲ ನನ್ನ ಕೈಯಾಗಿಲ್ಲ."

ಪಾಲಿಕೆ ಕಚೇರಿಯ ಬಾಗಿಲು ತೆರೆಯುವ ಮೊದಲೇ ಅಲ್ಲಿದ್ದೆ. ವೃಕ್ಷ ಅಧಿಕಾರಿ ಶಾಂತ ಸ್ವಭಾವದ ಹೆಂಗಸು. ಫೈಲ್ ತೆರೆದು ಮರಾಠಿಯಲ್ಲಿ ಹೇಳಿದರು: "ಹಳ್ಳದ ದಂಡೆಯ ಮರ ಕಡಿಯದಂತೆ ತಡೆಯುವ ಅಧಿಕಾರ ನಮಗಿದೆ. ಮರಕ್ಕೆ ನೋಟಿಸ್ ಅಂಟಿಸಿದೆವು, ಆಕ್ಷೇಪಣೆಗೆ ದಿನಗಳನ್ನೂ ಕೊಟ್ಟೆವು. ಕಡಿಯಿರಿ ಅನ್ನಲು ಹನ್ನೆರಡು ಜನ. ಬೇಡ ಅನ್ನಲು ಒಬ್ಬರೂ ಬರಲಿಲ್ಲ. ನಾನೇನು ಮಾಡಲಿ?"

ನೋಟಿಸ್ ನಾನೂ ನೋಡಿದ್ದೆ. ಮರದ ಗಣತಿ ಇರಬೇಕು ಅಂದುಕೊಂಡಿದ್ದೆ (ಅದೂ ಮರಾಠಿಯಲ್ಲಿತ್ತಲ್ಲ!).

ಅವರು ಬಿಳಿ ಹಾಳೆ ಮುಂದೆ ಸರಿಸಿದರು. ಮಿಂಚುಳ್ಳಿಯ ವಿಷಯ, ದಂಡೆಯ ವಿಷಯ, ಓದದೆ ಸಹಿ ಹಾಕಿದ ವಿಷಯ, ಎಲ್ಲ ಬರೆದುಕೊಡಬೇಕು. ಮರಾಠಿಯಲ್ಲಿ. ಗಡಿಯಾರ ಹನ್ನೊಂದೂವರೆ ದಾಟಿತ್ತು. ಒಂದೊಂದು ಪದದ ಕಾಗುಣಿತವನ್ನೂ ಪಕ್ಕದ ಗುಮಾಸ್ತನಿಗೆ ಕೇಳಿ ಬರೆದೆ. ಅವನು ನಕ್ಕ. ಅವನ ಹಿಂದಿದ್ದವರೂ ನಕ್ಕರು. ಮೀಟಿಂಗಿನಲ್ಲಿ ಉಳಿಸಿಕೊಂಡ ಮಾನವೆಲ್ಲ ಅಲ್ಲಿ ಹೋಯಿತು. ಹೋಗಲಿ, ಮರ ಉಳಿದರೆ ಸಾಕು!

ಮರುಪರಿಶೀಲನೆಯವರೆಗೆ ತಡೆ ಎಂಬ ಆದೇಶ ಕೈಗೆ ಬಂದಾಗ ಎರಡು ಗಂಟೆ. ಸ್ಕೂಟರ್ ಹೇಗೆ ಓಡಿಸಿದೆನೋ ತಿಳಿಯದು.

ಮೂರು ಹೊಂಗೆಗಳೂ ಹೋಗಿದ್ದವು. ಅತ್ತಿ ನಿಂತಿತ್ತು. ಗುತ್ತಿಗೆದಾರ ಕೂಗಾಡುತ್ತಿದ್ದ. ಶರಣಪ್ಪ ಅತ್ತಿಯ ಬೇರಿನ ಮೇಲೆ ಕುಳಿತು ಒಣಗಿದ ಕಟಕ ರೊಟ್ಟಿಯನ್ನು ಚೂರು ಚೂರಾಗಿ ಮುರಿದು ಬಾಯಿಗಿಡುತ್ತಿದ್ದ.

"ಇನ್ನೂ ಊಟ ಮುಗಿದಿಲ್ರಿ" ಎಂದ, ನನ್ನ ಕಡೆ ನೋಡದೆಯೇ. ಆದೇಶವನ್ನು ಗುತ್ತಿಗೆದಾರನ ಮುಂದೆ ಹಿಡಿದೆ.

ಪರಿಶೀಲನೆ ಬರುವ ಸೋಮವಾರ. ಅಷ್ಟರೊಳಗೆ ಸಹಿ ಹಾಕಿದ ಉಳಿದವರೂ ಆಕ್ಷೇಪಣೆ ಕೊಟ್ಟರೆ ಅತ್ತಿ ಉಳಿದೀತು ಎಂದು ಅಧಿಕಾರಿ ಹೇಳಿದ್ದರು. ಅಂದೇ ಸಂಜೆ ಆಕ್ಷೇಪಣೆಯ ಕಾಗದ ಹಿಡಿದು ಉಳಿದ ಹನ್ನೊಂದು ಮನೆಗಳ ಬಾಗಿಲು ಬಡಿದೆ. "ಅಲ್ಲಿ ಕಾರ್ ಪಾರ್ಕಿಂಗ್ ಮಾಡೋದು ಅಂತ ಮಾತಾಗಿತ್ತಲ್ಲ?" ಎಂದರು ಸೆಕ್ರೆಟರಿ.

ಈ ಸಲ ಹನ್ನೊಂದೂ ಮನೆಯವರು ಕನ್ನಡಕ ಹಾಕಿಕೊಂಡು ಪ್ರತಿ ಸಾಲನ್ನೂ ಓದಿದರು, ಸಹಿ ಮಾತ್ರ ಯಾರೂ ಹಾಕಲಿಲ್ಲ.