ಕೊಣ್ಣೂರಿನ ಆ ಮನೆಯಲ್ಲಿ ಅವರು ನಿಲ್ಲುತ್ತಿದ್ದ ಹೊತ್ತು

ನನ್ನ ಗಂಡ ಪಾರ್ಸಲ್ ಹಂಚುವ ಕೆಲಸಕ್ಕೆ ಸೇರಿದಾಗ ಅವರ ಪಾಲಿಗೆ ಬಂದದ್ದು ನರಗುಂದದ ಅರ್ಧ ಪೇಟೆ ಮತ್ತು ಕೊಣ್ಣೂರಿನ ದಾರಿ. ಬೆಳಿಗ್ಗೆ ಬೈಕಿನ ಹಿಂದೆ ದೊಡ್ಡ ಚೀಲ ಕಟ್ಟಿಕೊಂಡು ಹೊರಟರೆ ಊಟಕ್ಕೆ ಮನೆಗೆ ಬಂದು ಮತ್ತೆ ಹೋಗಬೇಕು. ಊಟಕ್ಕೆ ಅವರು ಹೊತ್ತಿಗೆ ಸರಿಯಾಗಿ ಬಂದದ್ದು ನನಗೆ ನೆನಪಿಲ್ಲ. ನಾನು ಮನೆಯಲ್ಲೇ ಜಂಪರು ಹೊಲಿಯುತ್ತೇನೆ. ರೊಟ್ಟಿ ಬಡಿದಿಟ್ಟು, ಮಿಷನ್ನಿನ ಮುಂದೆ ಕೂತು, ಓಣಿಯಲ್ಲಿ ಬರುವ ಒಂದೊಂದು ಬೈಕಿನ ಸದ್ದಿಗೂ ಕಾಲು ನಿಲ್ಲಿಸಿ ಕಿವಿ ಕೊಡುತ್ತಿದ್ದೆ.

"ಇವತ್ತ ಯಾಕ ತಡಾ ಆತ್ರಿ?" ಎಂದರೆ ಒಂದು ಕಥೆ ಇದ್ದೇ ಇರುತ್ತಿತ್ತು. ಒಬ್ಬ ಅಜ್ಜಿಗೆ ಗುಳಿಗೆ ಯಾವುದು ಮುಂಜಾನೆಯದು, ಯಾವುದು ಸಂಜೆಯದು ಎಂದು ಓದಿ ಹೇಳಿದ್ದರು. ಯಾರದೋ ಎಮ್ಮೆ ಹಗ್ಗ ಹರಿದುಕೊಂಡಿತ್ತು, ಹಿಡಿದು ಕಟ್ಟಿದ್ದರು. ಮೊದಮೊದಲು ನಾನೂ ನಗುತ್ತಿದ್ದೆ. ಆಮೇಲೆ ಆ ಕಥೆಗಳಲ್ಲಿ ಒಂದು ಮನೆ ಪದೇ ಪದೇ ಬರತೊಡಗಿತು.

ಕೊಣ್ಣೂರಿನಲ್ಲಿ ಹೊಳೆಯ ಕಡೆ ಹೋಗುವ ಓಣಿಯ ಕೊನೆಯ ಮನೆ. ಅಲ್ಲೊಬ್ಬಳು ಹೆಣ್ಣುಮಗಳು. ಗಂಡ ಲಾರಿ ಓಡಿಸುತ್ತಾನೆ, ತಿಂಗಳುಗಟ್ಟಲೆ ಹೊರಗೆ. ಲಕ್ವ ಹೊಡೆದು ಮಲಗಿದ ಮಾವನಿಗೆ ಬೇಕಾದ ಔಷಧಿ, ಹಾಸುವ ರಬ್ಬರ್ ಶೀಟು, ಎಲ್ಲ ಪಾರ್ಸಲ್ಲಿನಲ್ಲೇ ಬರುತ್ತಿತ್ತು. ಇವರು ಪಾರ್ಸಲ್ ಕೊಟ್ಟು, ಒಳಗೆ ಹೋಗಿ, ಆ ಮುದುಕನನ್ನು ಹೊರಸಿನಿಂದ ಎತ್ತಿ ಕುರ್ಚಿಯ ಮೇಲೆ ಕೂಡಿಸುತ್ತಿದ್ದರು. ಅವಳು ಹಾಸಿಗೆ ಬದಲಿಸಿದ ಮೇಲೆ ಮತ್ತೆ ಎತ್ತಿ ಮಲಗಿಸುತ್ತಿದ್ದರು. ಪಾರ್ಸಲ್ ಇಲ್ಲದ ದಿನವೂ ಆ ಓಣಿಗೆ ಹೋಗುತ್ತಾರೆಂದು ನನಗೆ ತಿಳಿದ ದಿನ ರೊಟ್ಟಿಯ ತಾಟನ್ನು ಅವರ ಮುಂದೆ ಕುಕ್ಕಿದೆ.

"ನಮ್ಮ ಮನ್ಯಾಗ ಒಂದ ಕೊಡಾ ನೀರ ಎತ್ತಿದ್ದು ಕಂಡಿಲ್ಲ," ಎಂದೆ. "ಅಲ್ಲೆ ಮಂದಿ ಎತ್ತತೀರಿ."

ಅವರು ರೊಟ್ಟಿ ಮುರಿಯುತ್ತ, "ಆಕಿ ಒಬ್ಬಾಕಿ ಎತ್ತಾಕ ಆಗಂಗಿಲ್ಲ," ಎಂದರು.

'ಆಕಿ' ಎಂಬ ಮಾತು ಅವರ ಬಾಯಲ್ಲಿ ಎಷ್ಟು ಮೆತ್ತಗೆ ಬಂತು ಎಂಬುದನ್ನೇ ಹಿಡಿದುಕೊಂಡು ನಾನು ಅಂದು ಸಂಜೆಯವರೆಗೆ ಹೊಲಿದೆ. ಒಂದು ತೋಳನ್ನು ಉಲ್ಟಾ ಹಚ್ಚಿ ಬಿಚ್ಚಬೇಕಾಯಿತು. ಅತ್ತೆ ನನ್ನ ಮುಖ ನೋಡಿ, "ಇವನಪ್ಪನೂ ಹಿಂಗ ಇದ್ದ. ಸಂತಿಗೆ ಹೋದಾಂವ ಮಂದಿ ಗಾಡಿ ಕೆಸರಾಗಿಂದ ಎತ್ತಿ, ಸಂತಿ ಮುಗದ ಮ್ಯಾಲೆ ಬರ್ತಿದ್ದ," ಎಂದರು. ನನಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ. ಗಾಡಿ ಎತ್ತುವುದು ಬೇರೆ, ದಿನಾ ಒಬ್ಬಳ ಮನೆಯ ಹೊಸ್ತಿಲು ದಾಟುವುದು ಬೇರೆ.

ಕೊಣ್ಣೂರಿನಲ್ಲಿ ನಮ್ಮ ದೂರದ ಸಂಬಂಧಿಕರ ಮನೆಯಲ್ಲಿ ತೊಟ್ಟಿಲ ಕಾರ್ಯವಿತ್ತು. ಇವರು ನನಗೆ ಬಸ್ಸಿಗೆ ಹೋಗು ಎಂದರು. "ನಿಮ್ಮ ಗಾಡಿ ಮ್ಯಾಲ ಬರ್ತೀನಿ, ಚೀಲಾ ತೊಡಿ ಮ್ಯಾಲ ಇಟಗೊಂತೀನಿ," ಎಂದೆ. ಕೂಸು ನೋಡುವ ಆಸೆಗಿಂತ ಆ ಮನೆಯನ್ನು ನೋಡುವ ಹಟವೇ ದೊಡ್ಡದಿತ್ತು.

ದಾರಿಯುದ್ದಕ್ಕೂ ಅವರ ಫೋನು ಬಡಿದುಕೊಳ್ಳುತ್ತಿತ್ತು. ಕೊಣ್ಣೂರಿನ ಒಬ್ಬ ರೈತನದೇ ಹೆಚ್ಚು. ಅವನ ಪಂಪ್‌ಸೆಟ್ಟಿನ ಸ್ಟಾರ್ಟರ್ ಕೆಟ್ಟು, ಹೊಸ ಸಾಮಾನು ಪಾರ್ಸಲ್ಲಿನಲ್ಲಿ ಬರುತ್ತಿತ್ತು. ಚೀಲದಲ್ಲಿ ಅದೂ ನನ್ನ ತೊಡೆಯ ಮೇಲೇ ಇತ್ತು. "ಬಂದೆ ಬಂದೆ, ಊರ ಮುಟ್ಟೀನ್ರಿ," ಎಂದು ಹೇಳಿ ಇವರು ಬೈಕನ್ನು ಮೊದಲು ತಿರುಗಿಸಿದ್ದು ಹೊಳೆಯ ಓಣಿಗೆ.

ಅವಳು ಬಾಗಿಲಲ್ಲಿ ನಿಂತಿದ್ದಳು. ನನ್ನದೇ ವಯಸ್ಸು. ಚೆಲುವೆ ಇರಬಾರದೆಂದು ನಾನು ದಾರಿಯಲ್ಲಿ ಬೇಡಿಕೊಂಡಿದ್ದೆ; ಅವಳು ಚೆಲುವೆಯೇ ಆಗಿದ್ದಳು. "ಬಂದ್ರ್ಯಾ?" ಎಂದಳು. ಅಣ್ಣಾ ಅನ್ನಲಿಲ್ಲ, ಏನೂ ಅನ್ನಲಿಲ್ಲ. ಅದನ್ನು ನಾನು ತಪ್ಪದೆ ಲೆಕ್ಕಕ್ಕೆ ಹಿಡಿದೆ. ಇವರು ಕೇಳದೆಯೇ ಅಡುಗೆಮನೆಯ ಬಾಗಿಲ ಬಳಿಯಿದ್ದ ನೀರಿನ ಹರವಿಯಿಂದ ತಂಬಿಗೆ ತುಂಬಿಕೊಂಡು ಕುಡಿದರು. ಆ ತಂಬಿಗೆ ಎಲ್ಲಿರುತ್ತದೆಂದು ಅವರಿಗೆ ಗೊತ್ತಿತ್ತು.

ಆಮೇಲೆ ಮುದುಕನ ಕಂಕುಳಿಗೆ ಕೈ ಹಾಕಿ, "ಹಿಡಕೋರಿ ಯಜ್ಜಾ, ಕೊಳ್ಳಾಗ ಕೈ ಹಾಕ್ರಿ," ಎಂದರು. ಆತ ಸ್ವಾಧೀನವಿದ್ದ ಒಂದೇ ಕೈಯನ್ನು ಇವರ ಕೊರಳಿಗೆ ಸುತ್ತಿ, ಸೊಟ್ಟಗಾದ ಬಾಯಲ್ಲಿ "ಮಗಾ" ಎಂದ. ಇವರು ಅವಸರ ಮಾಡಲಿಲ್ಲ. ಕಿಸೆಯಲ್ಲಿ ಫೋನು ಬಡಿದುಕೊಳ್ಳುತ್ತಿದ್ದರೂ ಆತನ ಪಾದ ನೆಲಕ್ಕೆ ಸರಿಯಾಗಿ ಊರಿದೆಯೇ ಎಂದು ಬಗ್ಗಿ ನೋಡಿದರು. ಇಷ್ಟು ತಾಳ್ಮೆಯ ಮನುಷ್ಯ ನನ್ನ ಮನೆಗೆ ಯಾಕೆ ಬರುವುದಿಲ್ಲ, ಇದನ್ನೆಲ್ಲ ಇಲ್ಲಿ ಖರ್ಚು ಮಾಡಿ ನನಗೆ ಬರೀ ದಣಿವನ್ನು ಯಾಕೆ ತರುತ್ತಾರೆ ಎಂದು ನನಗೆ ಅಳು ಬಂತು.

ಅವಳು ಹಾಸಿಗೆ ಮಡಚುತ್ತ ನನ್ನ ಕಡೆ ನೋಡಿದಳು. "ನಿಮಗ ನಮ್ಮಿಂದ ಭಾಳ ತ್ರಾಸ ಆಗಿರಬೇಕಲ್ರಿ. ಊಟಕ್ಕ ತಡಾ ಆಗ್ತಿರಬೇಕು."

"ಆಗತೈತ್ರಿ," ಎಂದೆ. ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಅವಳು ಮಡಚಿದ ಹಾಸಿಗೆಯನ್ನು ಬದಿಗಿಟ್ಟು, "ತಡಾ ಆದ್ರೂ ಮನಿಗೆ ಬರ್ತಾರಲ್ರಿ," ಎಂದಳು. "ನಾ ನಿಮ್ಮ ಬಗ್ಗೆ ಭಾಳ ಸಲ ಹೊಟ್ಟಿಕಿಚ್ಚು ಪಟ್ಟೇನಿ."

ನಾನು ದಿಂಬಿನ ಕವರು ಹಾಕಲು ಕೈಹಚ್ಚಿದೆ.

ತೊಟ್ಟಿಲ ಮನೆಗೆ ಹೋಗುವ ಮೊದಲು ಸ್ಟಾರ್ಟರ್ ಕೊಡಲು ಹೋದರೆ, ಹೊಲದ ದಾರಿಯಲ್ಲಿ ಆ ರೈತ ನಮಗಾಗಿ ಕಾದಿದ್ದ. ಹಿಂದೆ ಉಳ್ಳಾಗಡ್ಡಿ ಮಡಿಗಳು ಒಣಗಿ ಬಿರಿದಿದ್ದವು. "ಕರೆಂಟ್ ಈಗ ಹೋತು," ಎಂದ. ದನಿ ಏರಿಸಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಹೊಳಿ ಓಣ್ಯಾಗ ನಿಮ್ಮ ಗಾಡಿ ನಿಂತಿದ್ದು ನಮ್ಮ ತಮ್ಮ ನೋಡ್ಯಾನ. ಅರ್ಧಾ ತಾಸ ಮೊದಲ ಕೊಟ್ಟಿದ್ರ ಇವತ್ತ ನೀರ ಹಾಯತಿತ್ತು. ನೀವು ಪಾರ್ಸಲ್ ಕೊಡಾಂವ್ರೋ, ಊರ ಉದ್ಧಾರ ಮಾಡಾಂವ್ರೋ?"

ಇವು ನಾನು ಮನೆಯಲ್ಲಿ ಆಡಿದ್ದ ಮಾತುಗಳೇ. ಬೇರೆಯವರ ಬಾಯಲ್ಲಿ ಕೇಳಿದಾಗ ಮೈ ಉರಿಯಿತು. "ಒಬ್ಬ ಮನಷ್ಯಾನ್ನ ಎತ್ತಿ ಕೂಡಿಸಿ ಬಂದಾರ್ರಿ, ಇಸ್ಪೀಟ್ ಆಡಿ ಬಂದಿಲ್ಲ," ಎಂದುಬಿಟ್ಟೆ. ಇವರು ನನ್ನ ಕೈ ಹಿಡಿದು ಸುಮ್ಮನಿರಿಸಿ, "ತಪ್ಪ ನಂದರಿ," ಎಂದರು. ಆ ರೈತನದು ತಪ್ಪು ಎಂದು ನಾನು ಇವತ್ತಿಗೂ ಹೇಳಲಾರೆ. ನೀರಿಲ್ಲದ ಮಡಿಯೂ ಕಾಯುತ್ತಿತ್ತು, ಮುದುಕನೂ ಕಾಯುತ್ತಿದ್ದ. ಇಬ್ಬರಿಗೂ ಇದ್ದದ್ದು ನನ್ನ ಗಂಡನ ಅದೇ ಅರ್ಧ ತಾಸು.

ಅವನು ದೂರು ಕೊಟ್ಟ. ದಾರಿಯಲ್ಲಿ ಎಲ್ಲಿಯೂ ನಿಲ್ಲಬಾರದೆಂದು ಮೇಲಿನವರು ತಾಕೀತು ಮಾಡಿ, ಇವರನ್ನು ರೋಣದ ಕಡೆಗೆ ಹಾಕಿದರು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗುವ ಕೆಲಸ. ಸುದ್ದಿ ಕೇಳಿ ನನಗೆ ಆದದ್ದು ಸಂತೋಷ. ಅದನ್ನು ಮುಚ್ಚಿಡಲು ಹಿತ್ತಲಿಗೆ ಹೋದೆ.

ಕೆಲವು ದಿನಗಳ ಮೇಲೆ ಇವರು ಸ್ನಾನಕ್ಕೆ ಹೋಗಿದ್ದಾಗ ಫೋನು ಬಂತು. ಅವಳೇ.

"ಅವರು ಈ ಕಡೆ ಬರೂದಿಲ್ಲೇನ್ರಿ?"

"ಇಲ್ರಿ. ರೋಣಕ್ಕ ಹಾಕ್ಯಾರ."

"ಹೊಸಬ್ರು ಬಾಗಲದಾಗ ಇಟ್ಟು ಹೋಗಿಬಿಡ್ತಾರ್ರಿ. ನಿಲ್ಲೂದಿಲ್ಲ," ಎಂದಳು. ಆಮೇಲೆ, "ಇರ್ಲಿ ಬಿಡ್ರಿ. ನೀವು ಆರಾಮ ಅದೀರಲ್ಲ?" ಎಂದು ಇಟ್ಟಳು.

ನಾನು ಆರಾಮವಾಗಿರಲಿಲ್ಲ. ಎತ್ತುವವರಿಲ್ಲದೆ ಹಾಸಿಗೆಗೆ ಅಂಟಿಕೊಂಡ ಆ ಮುದುಕನ ಬೆನ್ನು ಕಣ್ಣಿಗೆ ಕಟ್ಟುತ್ತಿತ್ತು. ಇವರನ್ನು ಒಬ್ಬರನ್ನೇ ಕಳಿಸಲು ಮಾತ್ರ ಮನಸ್ಸು ಒಪ್ಪಲಿಲ್ಲ. ರವಿವಾರ ನಾನೇ ಸೀರೆ ಉಟ್ಟು ನಿಂತು, "ನಡೀರಿ, ಕೊಣ್ಣೂರಿಗೆ ಹೋಗಿ ಬರೂಣು," ಎಂದೆ. ಇವರು ನನ್ನ ಮುಖವನ್ನೇ ನೋಡಿದರು.

"ಸೂಟಿ ನಿಮ್ಮದು. ಯಾರೂ ಏನೂ ಅನ್ನಂಗಿಲ್ಲ," ಎಂದೆ. "ಆದ್ರ ನಾನೂ ಬರಾಕಿ."

ಹೀಗೆ ನಮ್ಮ ರವಿವಾರಗಳು ಆ ಮನೆಗೆ ಹೋದವು. ವಾರಕ್ಕೊಮ್ಮೆ ಎತ್ತಿದರೆ ಸಾಕಾಗುವುದಿಲ್ಲವೆಂದು ಗೊತ್ತಾಗಿ, ಪಕ್ಕದ ಮನೆಯ ಇಬ್ಬರು ಅಣ್ಣತಮ್ಮಂದಿರನ್ನು ಇವರೇ ಕರೆದು, ಹ್ಯಾಗೆ ಹಿಡಿಯಬೇಕೆಂದು ತೋರಿಸಿ ಒಪ್ಪಿಸಿದರು. ನಾನೂ ಒಂದು ಕಡೆ ಹಿಡಿದು ಎತ್ತಿದೆ. ಕಂಡಷ್ಟು ಹಗುರಿರಲಿಲ್ಲ ಆ ಮುದುಕ. ಅವಳಿಗೆ ಎರಡು ಜಂಪರು ಹೊಲಿದುಕೊಟ್ಟೆ. ಅಳತೆ ತೆಗೆಯುವಾಗ ಅವಳ ನಡು ನನಗಿಂತ ಸಣ್ಣದೆಂದು ತಿಳಿದು ಮತ್ತೆ ಒಳಗೆ ಕುದ್ದೆ. ಅವಳ ಕೈಯ ಚಹಾ ಚಲೋ ಇರುತ್ತಿತ್ತು, ಅದನ್ನು ಇವರು ಹೊಗಳಿದ್ದು ಮಾತ್ರ ನನಗೆ ಸೇರಲಿಲ್ಲ. ಅವಳ ಗಂಡ ಲಾರಿ ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ನಾವು ಹೋಗಿಬರುವುದು ಕಡಿಮೆಯಾಯಿತು.

ಈಗ ಇವರು ರೋಣ, ಗಜೇಂದ್ರಗಡಗಳ ನಡುವೆ ತಿರುಗುತ್ತಾರೆ. ನಿಲ್ಲಬಾರದು ಎಂಬ ನಿಯಮ ಇದ್ದೇ ಇದೆ. ಮೊನ್ನೆ ಮುಸ್ಸಂಜೆಯಲ್ಲಿ ಅಂಗಳಕ್ಕೆ ಬಂದ ಬೈಕಿನ ಹಿಡಿಕೆಗೆ ಯಾರೋ ಕೊಟ್ಟ ಹಸಿ ಕಡಲೆಯ ಕಟ್ಟು ನೇತಾಡುತ್ತಿತ್ತು.

"ಯಾರ ಕೊಟ್ರು?" ಎಂದೆ.

"ಮುಶಿಗೇರಿ ದಾರ್ಯಾಗ ಒಬ್ರ ಗಾಡಿ ಪಂಕ್ಚರ್ ಆಗಿತ್ತು. ತಳ್ಳಿ ಕೊಟ್ಟೆ."

"ಗಂಡಸೋ, ಹೆಂಗಸೋ?"

ಅವರು ನಗುತ್ತ ಕಾಲು ತೊಳೆಯಲು ಹೋದರು. ನಾನು ಹಸಿ ಕಡಲೆಯನ್ನು ಒಂದೊಂದಾಗಿ ಬಿಡಿಸುತ್ತ, ಉತ್ತರಕ್ಕೆ ಬಾಗಿಲಲ್ಲೇ ಕೂತೆ.