ಕೋಟೆ ಓಣಿಯ ಒರಟು ಕಲ್ಲು

ಆಗಷ್ಟೇ ನಿಲ್ಲಲು ಕಲಿಯುತ್ತಿದ್ದ ಮಗಳಿಗೆ ರಾಯಚೂರಿನ ಕೋಟೆ ತೋರಿಸಬೇಕೆಂದು ಹೊರಟೆ. ಜೊತೆಗೆ ಗಬ್ಬೂರಿನಿಂದ ಬಂದಿದ್ದ ನನ್ನವ್ವ. ಕೋಟೆ ಬಾಗಿಲ ಒಳಗಿನ ಆ ಹಳೆಯ ಓಣಿಗೆ ಮೋಟರು ಬಿಡುವುದಿಲ್ಲ, ನಡೆದೇ ಹೋಗಬೇಕು. ಹೊಸದಾಗಿ ಕೊಂಡಿದ್ದ ಕೂಸಿನ ತಳ್ಳುಗಾಡಿಯನ್ನು ಠೀವಿಯಿಂದ ತಳ್ಳಿಕೊಂಡು ನಡೆದೆ. ‘ಸುಮ್ನ ಬಗಲಾಗ ಎತ್ಕೋ’ ಎಂದು ಅವ್ವ ಹೇಳಿದ್ದನ್ನು ಕೇಳಲಿಲ್ಲ.

ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಗಾಲಿ ಗಡಗಡ ಎಂದಿತು. ನೆಲಕ್ಕೆ ಹಾಸಿದ ಕಲ್ಲೆಲ್ಲ ಒರಟೊರಟು. ಕೂಸು ಕುಲುಕಾಡಿ ಅಳತೊಡಗಿತು. ನನಗೆ ಸಿಟ್ಟು ನೆತ್ತಿಗೇರಿತು.

‘ಯಾವ ಪುಣ್ಯಾತ್ಮ ಹಾಕ್ಯಾನ ಈ ಕಲ್ಲು! ಕಣ್ಣಿದ್ವೋ ಇಲ್ಲೋ ಅವಗ?’

‘ನಾನೇ ಹಾಕೀನಿ,’ ಅಂದಳು ಅವ್ವ.

ಗಾಡಿ ನಿಲ್ಲಿಸಿ ಅವಳ ಮುಖ ನೋಡಿದೆ. ಅವ್ವ ಕೂಲಿಗೆ ಹೋಗುತ್ತಿದ್ದದ್ದು ಗೊತ್ತಿತ್ತು. ಈ ಕೋಟೆ ಕಟ್ಟಿಸಿದ ರಾಜರ ಪಾಠವನ್ನು ಶಾಲೆಯಲ್ಲಿ ವರ್ಷವರ್ಷ ಹೇಳುವ ನಾನು, ಅವಳು ಎಲ್ಲಿ ಏನು ಕಟ್ಟಿದಳೆಂದು ಒಮ್ಮೆಯೂ ಕೇಳಿರಲಿಲ್ಲ.

‘ಈ ಓಣಿಗೆ ಹೊಸದಾಗಿ ಕಲ್ಲು ಹಾಸಿದಾಗ ನೀ ಹೊಟ್ಟ್ಯಾಗಿದ್ದಿ. ತಲಿಮ್ಯಾಲೆ ಸಿಂಬಿ ಇಟ್ಟು ಈ ಕಲ್ಲು ಹೊತ್ತೀನಿ. ನುಣ್ಣಗಿದ್ರ ಮಳಿಗಾಲದಾಗ ಮಂದಿ ಜಾರತಾರಂತ ಉಳಿ ಹೊಡದು ಒರಟು ಮಾಡೀವಿ. ನಿನ್ನ ಗಾಡಿ ಬರತದಂತ ಯಾರಿಗೆ ಗೊತ್ತಿತ್ತು?’

ಅವಳ ದನಿಯ ಠೀವಿಯ ಮುಂದೆ ನನ್ನ ಗಾಡಿಯದು ಯಾವ ಲೆಕ್ಕ!

ಅವ್ವ ಮೊಮ್ಮಗಳನ್ನು ಎತ್ತಿ, ಬರಿಗಾಲಲ್ಲೇ ಕಲ್ಲಿನ ಮೇಲೆ ನಿಲ್ಲಿಸಿ ಕೈಬಿಟ್ಟಳು. ನಾನು ಹಿಡಿಯಲು ಗಾಬರಿಯಿಂದ ಬಗ್ಗಿದೆ.

‘ಬಿಡ ಮಗಳ,’ ಅಂದಳು ಅವ್ವ. ‘ಜಾರಂಗಿಲ್ಲ.’