ಟ್ರ್ಯಾಕ್ಟರ್ ಶೆಡ್ಡಿನ ಅಕ್ಕೋರು

ಮೇಸ್ತ್ರಿ ಚೀಲದ ಬಾಯಿ ಬಿಚ್ಚಿದ ಕೂಡಲೇ ಭತ್ತದ ಹೊಟ್ಟಿನ ಒಣ ವಾಸನೆ ಶೆಡ್ಡಿನ ತುಂಬ ಹರಡಿತು. ಲಿಂಗಸುಗೂರಿನ ನಮ್ಮ ಮನೆಯ ಪಕ್ಕದ ಕಾರಿನ ಶೆಡ್ಡನ್ನು ಬಾಡಿಗೆಗೆ ಕೊಡಲೆಂದು ಕೋಣೆ ಮಾಡುತ್ತಿದ್ದೆವು. ತಗಡಿನ ಕೆಳಗೆ ಥರ್ಮಕೋಲ್ ಹೊಡೆದರೆ ಸಾಕೆಂದು ಮೇಸ್ತ್ರಿ ಹೇಳಿದ್ದ. ಹೊಟ್ಟೇ ಬೇಕೆಂದು ಹಟ ಹಿಡಿದವಳು ನಾನು.

"ಇದನ್ನ ನಿಮಗ ಯಾರ್ರಿ ಹೇಳಿಕೊಟ್ಟವ್ರು?" ಎಂದು ಕೇಳಿದ.

"ನಮ್ಮ ಅಕ್ಕೋರು" ಎಂದೆ. ಪಾಠ ಹೇಳುವ ಹೆಣ್ಣುಮಗಳನ್ನು ನಮ್ಮ ಕಡೆ ಕರೆಯುವುದೇ ಹಾಗೆ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅವರು ಜವಳಗೇರಾ ಹತ್ತಿರದ ನಮ್ಮ ಊರಿಗೆ ವಿಜ್ಞಾನ ಕಲಿಸಲು ಬಂದರು. ಒಂದು ಟ್ರಂಕು, ಒಂದು ಸ್ಟವ್ವು, ಹೆಗಲಿಗೊಂದು ಚೀಲ. ಬಾಡಿಗೆ ಮನೆ ಹುಡುಕುತ್ತ ಓಣಿ ಓಣಿ ತಿರುಗಿದರು. ಎಲ್ಲರೂ ಮೊದಲು ಕೇಳುತ್ತಿದ್ದದ್ದು ಒಂದೇ, "ನೀವು ಯಾವ ಮಂದಿರೀ?" ಅವರು ಮುಚ್ಚಿಡುತ್ತಿರಲಿಲ್ಲ. "ನಾವು ಬೌದ್ಧರು" ಅನ್ನುತ್ತಿದ್ದರು. ಆ ಮಾತಿನ ಹಿಂದೆ ಊರಾಚೆಯ ಯಾವ ಕೇರಿಯಿದೆಯೆಂದು ಊರವರು ಲೆಕ್ಕ ಹಾಕುತ್ತಿದ್ದರು. ಆಮೇಲೆ ಖಾಲಿ ಇದ್ದ ಮನೆಗೂ ಯಾರೋ ಬರುವವರಿರುತ್ತಿದ್ದರು...

ಕೊನೆಗೆ ನಮ್ಮಪ್ಪ ಟ್ರ್ಯಾಕ್ಟರ್ ನಿಲ್ಲಿಸುವ ಶೆಡ್ಡು ಕೊಟ್ಟ. ಮೂರು ಕಡೆ ಗೋಡೆ, ಮೇಲೆ ತಗಡು, ನೆಲದ ಮೇಲೆ ಆಯಿಲ್ ಕಲೆ. ಅಪ್ಪನ ಮನಸ್ಸು ದೊಡ್ಡದೆಂದು ಊರು ಹೊಗಳಿತು. ನನಗೂ ಹೆಮ್ಮೆಯಾಯಿತು. ನಮ್ಮ ಮನೆಯ ಮಾಳಿಗೆ ಮೇಲೆ ಫ್ಯಾನಿದ್ದ ಕೋಣೆಯೊಂದು ಖಾಲಿ ಬಿದ್ದಿತ್ತೆಂಬುದು ನನಗೆ ಆಗ ಹೊಳೆಯಲೇ ಇಲ್ಲ.

ಮೊದಲ ವಾರ ಅಕ್ಕೋರು ಸಾಲಿ ಬಿಟ್ಟ ಮೇಲೂ ಬೇವಿನ ಮರದ ಕೆಳಗೇ ಕೂತಿರುತ್ತಿದ್ದರು. ಕಾದ ತಗಡಿನ ಬಿಸಿಗೆ ಒಳಗೆ ಕಾಲಿಡಲು ಆಗುತ್ತಿರಲಿಲ್ಲ. ಆಮೇಲೆ ಒಂದು ಭಾನುವಾರ ಸಿಂಧನೂರು ರಸ್ತೆಯ ರೈಸ್ ಮಿಲ್ಲಿನಿಂದ ಬಂಡಿ ತುಂಬ ಹೊಟ್ಟು ತರಿಸಿದರು. ಸಿಮೆಂಟಿನ ಖಾಲಿ ಚೀಲಗಳಲ್ಲಿ ಹೊಟ್ಟು, ಒಣಗಿದ ಬೇವಿನೆಲೆ, ಒಂದಿಷ್ಟು ಸುಣ್ಣದ ಪುಡಿ ತುಂಬಿ ಹೊಲಿದರು. ತಗಡಿನಿಂದ ಒಂದು ಗೇಣು ಕೆಳಗೆ ಬಿದಿರಿನ ತಟ್ಟಿ ಕಟ್ಟಿಸಿ ಅದರ ಮೇಲೆ ಚೀಲಗಳನ್ನು ಒತ್ತೊತ್ತಾಗಿ ಹಾಸಿದರು. ಗೇಣಿನ ಸಂದಿಯಿಂದ ಬಿಸಿಗಾಳಿ ಹೊರಗೆ ಹೋಗಲೆಂದು ಎರಡೂ ತುದಿಗೆ ಜಾಲರಿಯ ಕಿಂಡಿ ಬಿಟ್ಟರು. ತಗಡಿನ ಮೇಲೆ ಸುಣ್ಣ ಬಳಿದರು. ತೆರೆದಿದ್ದ ಮುಂಭಾಗಕ್ಕೆ ಇಟ್ಟಂಗಿ ಗೋಡೆ ಎದ್ದಿತು, ಬಾಗಿಲು ಬಂತು. ನಾನು ಸೂಜಿ ದಾರ ಕೊಡುತ್ತ ಜೊತೆಗಿದ್ದೆ.

"ನಮ್ಮಪ್ಪ ಐಸ್ ಫ್ಯಾಕ್ಟರಿಯಾಗ ಹಮಾಲಿ ಮಾಡತಿದ್ದ" ಎಂದರು ಚೀಲ ಹೊಲಿಯುತ್ತ. "ಐಸಿನ ಗಡ್ಡಿ ಕರಗಬಾರದಂತ ಹೊಟ್ಟಿನ್ಯಾಗ ಹುಗೀತಿದ್ರು. ಐಸ್ ಕಾಯೂ ಹೊಟ್ಟು ನನ್ನ ಕಾಯಂಗಿಲ್ಲೇನು?"

ನಾನು ತಡೆಯಲಾರದೆ ಹೇಳಿಬಿಟ್ಟೆ, "ಅಕ್ಕೋರೇ, ನಮ್ಮ ಮಾಳಿಗಿ ಮ್ಯಾಲಿನ ಕೋಣಿ ಖಾಲಿ ಐತ್ರಿ."

ಅವರು ತಲೆ ಎತ್ತಲಿಲ್ಲ. "ಗೊತ್ತೈತವ್ವ. ಬಂದ ದಿನಾನ ನೋಡೀನಿ. ದಾರ ಕೊಡು."

ಆ ಬೇಸಿಗೆ ಟ್ರಾನ್ಸ್‌ಫಾರ್ಮರ್ ಸುಟ್ಟು ಮೂರು ದಿನ ಕರೆಂಟು ಬರಲಿಲ್ಲ. ಮೂರನೆಯ ಮಧ್ಯಾಹ್ನ ಅಜ್ಜಿ ಸೆಕೆ ತಾಳದೆ ಪಡಸಾಲೆಯಲ್ಲಿ ಕಣ್ಣು ಮೇಲೆ ಮಾಡಿದಳು. ಅಕ್ಕೋರು ಬಂದ ದಿನದಿಂದ ಆ ಶೆಡ್ಡಿನ ನೆರಳೂ ಸೋಕದಂತೆ ಸುತ್ತಿ ಹೋಗುತ್ತಿದ್ದ ಅಜ್ಜಿ ಅವಳು. ಅವ್ವ ಯಾರನ್ನೂ ಕೇಳಲಿಲ್ಲ. ಅಜ್ಜಿಯನ್ನು ತಬ್ಬಿ ಎಬ್ಬಿಸಿ ನೇರ ಅಕ್ಕೋರ ಬಾಗಿಲಿಗೆ ನಡೆಸಿದಳು. ಒಳಗೆ ನಿಜಕ್ಕೂ ತಂಪಿತ್ತು. ಅಕ್ಕೋರು ತಮ್ಮ ಹೊರಸಿನ ಮೇಲೆ ಮಲಗಿಸಿ, ಹಸಿ ಬಟ್ಟೆಯಿಂದ ಅಂಗಾಲು ಒರೆಸಿದರು.

ಅಜ್ಜಿಗೆ ಎಚ್ಚರವಾದಾಗ ಬಿಸಿಲು ಇಳಿದಿತ್ತು. "ನೀರು" ಎಂದಳು. ಅವ್ವ ಗಾಬರಿಯಿಂದ ನಮ್ಮ ಮನೆಯ ಕಡೆ ಹೊರಟಳು. ಅಕ್ಕೋರು ಗೋಡೆಗೆ ಆನಿಕೊಂಡು ನಿಂತಿದ್ದರು. ಅಜ್ಜಿ ಮೂಲೆಯ ಮಡಕೆಯನ್ನು ನೋಡಿದಳು, ಅಕ್ಕೋರನ್ನು ನೋಡಿದಳು. "ಅಷ್ಟು ದೂರ ಯಾಕ ಹೋಗ್ತಿ? ಇಲ್ಲೇ ಐತಲ್ಲ" ಎಂದಳು. ಅಕ್ಕೋರು ಮಡಕೆಯಿಂದ ತಂಬಿಗೆ ತುಂಬಿ ಕೊಟ್ಟರು, ಅಜ್ಜಿ ಕುಡಿದಳು.

ಊರು ಒಂದೇ ದಿನಕ್ಕೆ ಬದಲಾಗಲಿಲ್ಲ. ಆದರೆ ಅಜ್ಜಿ ದಿನಾ ಮಧ್ಯಾಹ್ನ ತಲೆದಿಂಬು ಹಿಡಿದು ಶೆಡ್ಡಿಗೆ ಹೋಗತೊಡಗಿದಳು. ಆಮೇಲೆ ಎಸ್ಸೆಸ್ಸೆಲ್ಸಿ ಹುಡುಗಿಯರು ಓದಲು ಬಂದರು. ತಿಂಗಳ ನಂತರ ಅಪ್ಪ ಬಾಗಿಲಲ್ಲಿ ನಿಂತು ನೆಲ ನೋಡುತ್ತ, "ಮ್ಯಾಲಿನ ಕೋಣಿಗೆ ಬರ್ರಿ ಅಕ್ಕೋರೇ" ಎಂದ.

"ಬ್ಯಾಡ್ರಿ" ಎಂದರು ಅಕ್ಕೋರು. "ನನ್ನ ಮನಿ ತಂಪೈತಿ."

ಎರಡು ವರ್ಷಕ್ಕೆ ಅವರಿಗೆ ಮಸ್ಕಿ ಕಡೆ ವರ್ಗವಾಯಿತು. ಹೋಗಿ ಕಾಣಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಬಸ್ಸಿನಲ್ಲಿ ಒಂದು ತಾಸಿನ ದಾರಿ... ಹೋಗಲಿಲ್ಲ. ಹೋದ ವರ್ಷ ಮದುವೆಯೊಂದರಲ್ಲಿ ಸಿಕ್ಕ ಮಸ್ಕಿಯ ಮಾಸ್ತರರು, ಅಕ್ಕೋರು ತೀರಿಕೊಂಡು ಬಹಳ ದಿನವಾಯಿತೆಂದರು. ಕೈಯಲ್ಲಿದ್ದ ಊಟದ ತಟ್ಟೆಯನ್ನು ಎಲ್ಲಿಟ್ಟೆನೋ ಈಗಲೂ ನೆನಪಿಲ್ಲ.

ಮೊನ್ನೆ ನಮ್ಮ ಶೆಡ್ಡಿನ ಕೆಲಸ ಮುಗಿಯಿತು. ಕೋಣೆ ಕೇಳಿಕೊಂಡು ಮುಕ್ಕುಂದದ ನರ್ಸ್ ಹುಡುಗಿಯೊಬ್ಬಳು ಬಂದಳು. ಗೇಟಿನ ಹೊರಗೇ ನಿಂತು, "ಮೊದಲ ಹೇಳಿಬಿಡ್ತೀನ್ರಿ, ನಾವು..." ಎಂದು ಶುರು ಮಾಡಿದಳು. ಎಷ್ಟು ಗೇಟುಗಳ ಮುಂದೆ ಇದೇ ಮಾತು ಹೇಳಿದ್ದಳೋ.

"ಮೊದಲ ಒಳಗ ಬಾರವ್ವ, ಕೋಣಿ ನೋಡು" ಎಂದೆ.

ಶೆಡ್ಡಿನ ಕೋಣೆ ತೋರಿಸಿದೆ. ಮಗಳು ಹಾಸ್ಟೆಲ್ಲಿಗೆ ಹೋದ ಮೇಲೆ ಖಾಲಿಯಿದ್ದ, ಮನೆಯೊಳಗಿನ ಕೋಣೆಯನ್ನೂ ತೋರಿಸಿ, ಯಾವುದು ಬೇಕೋ ಅದನ್ನು ತಗೋ ಎಂದೆ. ಅವಳು ಎರಡು ಸಲ ನನ್ನ ಮುಖ ನೋಡಿದಳು. ಕಿಟಕಿ ದೊಡ್ಡದಿದೆಯೆಂದು ಒಳಗಿನದನ್ನೇ ಆರಿಸಿಕೊಂಡಳು.

ಅವಳು ಹೋದ ಮೇಲೆ ನಮ್ಮನೆಯವರು, "ಮತ್ತ ಇಷ್ಟು ದಿನ ಬಡಿದಾಡಿ ಕಟ್ಟಿದ ಶೆಡ್ಡು ಯಾರಿಗೆ?" ಎಂದರು.

"ನಮಗ" ಎಂದೆ. "ಬ್ಯಾಸಗಿ ಬರಾಕತ್ತೈತಿ."